ಚನ್ನವ್ವನ ಗೋಡೆಯ ಮಾಡ

ಗೋಡೆ ಯಾರದು ಎಂಬ ತಕರಾರು ಬಿದ್ದರೆ ಈಗಿನವರು ಪೆಟ್ಟಿಗೆ ತೆರೆದು ಕಾಗದ ಹುಡುಕುತ್ತಾರೆ. ನಮ್ಮ ಹಿರಿಯರ ಓಣಿಯಲ್ಲಿ ಕಾಗದ ಯಾರೂ ಕೇಳುತ್ತಿರಲಿಲ್ಲ. ಪಂಚರು ನೆಟ್ಟಗೆ ಮನೆಯೊಳಗೆ ಬಂದು ಮಾಡ ನೋಡುತ್ತಿದ್ದರು. ಮಾಡ ಎಂದರೆ ದೀಪ ಇಡಲು ಗೋಡೆಯಲ್ಲಿ ಬಿಟ್ಟ ಗೂಡು. ಅದರ ಬಾಯಿ ಯಾವ ಮನೆಯ ಕಡೆ ತೆರೆದಿದೆಯೋ ಗೋಡೆ ಆ ಮನೆಯವರದು. ಎರಡೂ ಕಡೆ ಮಾಡಗಳಿದ್ದರೆ ಅದು ಕೂಡುಗೋಡೆ, ಇಬ್ಬರಿಗೂ ಸೇರಿದ್ದು. ಗೋಡೆಯ ಹಕ್ಕು ಬಿಟ್ಟುಕೊಡುವವರು ತಮ್ಮ ಕಡೆಯ ಮಾಡಕ್ಕೆ ಕಲ್ಲು ಮಣ್ಣು ತುಂಬಿ ಮುಚ್ಚಿಬಿಡುತ್ತಿದ್ದರು. ಮುಚ್ಚಿದ ಮೇಲೆ ಆ ಗೋಡೆಯ ಬಗ್ಗೆ ಮತ್ತೆ ಬಾಯಿ ಬಿಡುವಂತಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ನಮ್ಮ ಅಜ್ಜಿಯ ಅಜ್ಜಿ ಚನ್ನವ್ವನ ಬಾಳು ಸಿಕ್ಕಿಕೊಂಡದ್ದು ಇಂಥದೊಂದು ಮಾಡದಲ್ಲಿಯೇ. ಆಕೆ ದೊಡ್ಡ ಹೆಸರಿನವಳಲ್ಲ. ನರಗುಂದದ ಗುಡ್ಡದ ಕೆಳಗಿನ ಓಣಿಯಲ್ಲಿ ಜೋಳ ಬೀಸಿಕೊಂಡು, ಎಮ್ಮೆ ಕಟ್ಟಿಕೊಂಡು ಬದುಕಿದ ವಿಧವೆ. ಮಾತು ಒರಟು, ಕೈ ಧಾರಾಳ. ಪರರ ಮಾತನ್ನು ಹತ್ತು ಸಲ ತೂಗಿ ನೋಡುವ ಈ ಹೆಂಗಸು ತನ್ನವರೆಂದರೆ ಕಣ್ಣು ಮುಚ್ಚಿ ನಂಬುತ್ತಿದ್ದಳು. ನನಗೆ ಆಕೆಯ ಮೇಲೆ ಅಭಿಮಾನ ಎಷ್ಟಿದೆಯೋ ಸಿಟ್ಟೂ ಅಷ್ಟೇ ಇದೆ.

ಚನ್ನವ್ವನ ಮಾವನದು ಉದ್ದನೆಯ ಮನೆ. ಆಗ ಮನೆ ಎಷ್ಟು ದೊಡ್ಡದು ಎಂದು ಹೇಳುತ್ತಿದ್ದುದು ಅಂಕಣದ ಲೆಕ್ಕದಲ್ಲಿ. ಒಂದು ಕಂಬದಿಂದ ಇನ್ನೊಂದು ಕಂಬದ ನಡುವಿನ ಜಾಗವೇ ಅಂಕಣ. ಮಾವ ತೀರಿಕೊಂಡ ಮೇಲೆ ಅಣ್ಣ ಗುರುಸಂಗಪ್ಪ, ತಮ್ಮ ಅಂದಾನಪ್ಪ ಇಬ್ಬರೂ ಹಿರಿಯರನ್ನು ಕೂರಿಸಿಕೊಂಡು ವಾಟಣಿ ಮಾಡಿಕೊಂಡರು. ವಾಟಣಿ ಎಂದರೆ ಪಾಲು ಹಂಚಿಕೆ. ಅಂಕಣಗಳು ಸಮನಾಗಿ ಹರಿದುಹೋದವು. ಪ್ರತಿಯೊಬ್ಬರ ಪಾಲಿನ ಮೂಡಲಿಗೆ ಏನು, ಪಡುವಲಿಗೆ ಏನು, ಬಡಗಲಿಗೆ ತೆಂಕಲಿಗೆ ಏನು ಎಂದು ನಾಲ್ಕೂ ದಿಕ್ಕಿನ ಎಲ್ಲೆಯನ್ನು, ಅಂದರೆ ಚಕ್ಕುಬಂದಿಯನ್ನು, ಹಿರಿಯರು ಬಾಯಿಬಿಟ್ಟು ಹೇಳಿದರು. ಉಳಿದದ್ದು ನಡುವಿನ ಗೋಡೆಯೊಂದೇ.

ಗೋಡೆಗೆ ಅರ್ಧ ಜಾಗ ನಿನ್ನದು, ಅರ್ಧ ನನ್ನದು, ಕೂಡಿ ಕಟ್ಟೋಣ ಎಂದು ಗುರುಸಂಗಪ್ಪ ತಮ್ಮನಿಗೆ ಹೇಳಿದ. ಅಂದಾನಪ್ಪನಿಗೆ ಜಾಗ ಬಿಡಲು ಮನಸ್ಸಿಲ್ಲ, ಕಲ್ಲು ಹೊರಲು ಮೈಯಿಲ್ಲ. ತನ್ನ ಮಾಳಿಗೆಗೆ ಮರದ ಕಂಬಗಳೇ ಸಾಕು, ಗೋಡೆ ಬೇಕಾದವರು ಕಟ್ಟಿಕೊಳ್ಳಲಿ ಎಂದುಬಿಟ್ಟ. ಆದೀತು ಎಂದು ಗುರುಸಂಗಪ್ಪ ಪೂರ್ತಿ ತನ್ನ ಪಾಲಿನ ಜಾಗದಲ್ಲೇ ಬುನಾದಿ ತೆಗೆಸಿದ. ನಮ್ಮದು ಎರೆಭೂಮಿ. ಮಳೆ ಬಿದ್ದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲೆ ಕಟ್ಟಿದ್ದನ್ನೆಲ್ಲ ಅಲುಗಾಡಿಸುತ್ತದೆ. ಕರಿಮಣ್ಣು ಮುಗಿದು ಗಟ್ಟಿ ಗರಸು ಸಿಗುವವರೆಗೆ ಅಗೆಯಬೇಕು. ಅಗೆದರು. ಗಜೇಂದ್ರಗಡದ ಕಡೆಯಿಂದ ಬಂಡಿಯ ಮೇಲೆ ಕಲ್ಲು ಬಂತು. ಗೌಂಡಿ ನಬೀಸಾಬ ಗೋಡೆ ಏರಿಸಿದ, ಗುರುಸಂಗಪ್ಪ ಕಲ್ಲು ಎತ್ತಿ ಕೊಟ್ಟ, ಚನ್ನವ್ವ ಮಣ್ಣು ತುಳಿದಳು.

ಗೋಡೆ ಎದೆಮಟ್ಟಕ್ಕೆ ಬಂದಾಗ ನಬೀಸಾಬ ಮಾಡ ಎಲ್ಲಿ ಬಿಡಲಿ ಎಂದು ಕೇಳಿದ. ಚನ್ನವ್ವ ಒಲೆಯ ಮುಂದೆ ಕೂತು ಕೈ ಚಾಚಿ ತೋರಿಸಿದಳಂತೆ, ಇಲ್ಲಿಂದ ನನಗೆ ದೀಪ ಕಾಣಬೇಕು ಎಂದು. ಅಲ್ಲೇ ಬಿಟ್ಟರು. ಒಳಗಿನ ಮಣ್ಣನ್ನು ಗುರುಸಂಗಪ್ಪ ತನ್ನ ಅಂಗೈಯಿಂದಲೇ ಸವರಿ ನುಣುಪು ಮಾಡಿದ. ಮೊಳಕೈವರೆಗೆ ತೋಳು ತೂರಿಸುವಷ್ಟು ಆಳದ ಮಾಡ. ಆಮೇಲೆ ಗೋಡೆಯ ತಲೆಯ ಮೇಲೆ ತೊಲೆ ಕೂತಿತು, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಯ ಮೇಲೆ ಹತ್ತಿಕಟ್ಟಿಗೆ ಮತ್ತು ಬೇವಿನ ಸೊಪ್ಪು, ಎಲ್ಲದರ ಮೇಲೆ ಮಣ್ಣು. ಇದೇ ಮಾಳಿಗೆ ಮನೆ. ಇಷ್ಟು ತಿಳಿದರೆ ಸಾಕು: ಚನ್ನವ್ವನ ತೊಲೆಗಳು ನಿಂತದ್ದು ಆ ಗೋಡೆಯ ಮೇಲೆ. ಗೋಡೆ ಹೋದರೆ ತೊಲೆ ಹೋಯಿತು, ತೊಲೆ ಹೋದರೆ ತಲೆಯ ಮೇಲಿನ ಸೂರೇ ಹೋಯಿತು.

ಗೋಡೆಯ ಆಚೆ ಇದ್ದವಳು ಬೇರೆ ಯಾರೂ ಅಲ್ಲ, ಚನ್ನವ್ವನ ಒಡಹುಟ್ಟಿದ ತಂಗಿ ಬಾಳವ್ವ. ತಾಯಿ ಸತ್ತಾಗ ಬಾಳವ್ವ ಇನ್ನೂ ನೆಲದ ಮೇಲೆ ಹರಿದಾಡುವ ಕೂಸು. ಚನ್ನವ್ವ ಅವಳನ್ನು ಕಂಕುಳಲ್ಲಿಟ್ಟುಕೊಂಡೇ ರೊಟ್ಟಿ ಬಡಿದವಳು. ಮದುವೆಯಾಗಿ ನರಗುಂದಕ್ಕೆ ಬಂದ ಮೇಲೂ ತಂಗಿಯ ಕನವರಿಕೆ ಬಿಡಲಿಲ್ಲ. ಮೈದುನ ಅಂದಾನಪ್ಪನಿಗೆ ಹೆಣ್ಣು ನೋಡುತ್ತಿದ್ದಾಗ ಮಾವನ ಕಾಲು ಹಿಡಿದು ತಂಗಿಯನ್ನೇ ಅದೇ ಮನೆಗೆ ತಂದಳು. ತವರಿನಿಂದ ಇಬ್ಬರಿಗೂ ಸೇರಿ ಬಂದದ್ದು ಒಂದೇ ಒಂದು ವಸ್ತು, ತಾಯಿಯ ಹಿತ್ತಾಳೆ ದೀಪ. ಅದರ ಒಂದು ಅಂಚು ಸೊಟ್ಟಗಾಗಿತ್ತು. ಚಿಕ್ಕಂದಿನಲ್ಲಿ ಅದನ್ನು ಕಲ್ಲಿನ ಮೇಲೆ ಕೆಡವಿದವಳು ಬಾಳವ್ವ, ಅಪ್ಪನ ಕೈಲಿ ಪೆಟ್ಟು ತಿಂದವಳು ಚನ್ನವ್ವ. ಆ ದೀಪ ಚನ್ನವ್ವನ ಮಾಡದಲ್ಲಿ ಕೂತಿತು.

ವಾಟಣಿ ಅಣ್ಣತಮ್ಮಂದಿರಿಗೆ ಆಗಿತ್ತೇ ಹೊರತು ಅಕ್ಕತಂಗಿಯರಿಗೆ ಆಗಿರಲಿಲ್ಲ. ಈಕೆಯ ಸಾರು ಆ ಮನೆಗೆ, ಆಕೆಯ ಪಲ್ಯ ಈ ಮನೆಗೆ. ಗೋಡೆ ಸಾರಿಸುವುದನ್ನು ಬಾಳವ್ವನಿಗೆ ಕಲಿಸಿದವಳೂ ಅಕ್ಕನೇ. ಮಣ್ಣಿಗೆ ಸೆಗಣಿ, ಹೊಟ್ಟು ಕೂಡಿಸಿ ಹದ ಮಾಡಿ ಅಂಗೈಯಿಂದ ಬಡಿದು ಬಡಿದು ಬಳಿಯಬೇಕು. ಬಾಳವ್ವನಿಗೆ ಅವಸರ, ಯಾವಾಗಲೂ ನೀರು ಹೆಚ್ಚು ಸುರಿಯುವಳು. ಆಚೆ ಆಕೆ ಗೋಡೆ ಬಡಿಯುವ ಸಪ್ಪಳ ಕೇಳಿಯೇ ಚನ್ನವ್ವ ಈಚೆಯಿಂದ, "ಬಾಳೀ, ನೀರು ಹೆಚ್ಚಾತು," ಎಂದು ಕೂಗುವಳು. ಆಚೆಯಿಂದ ನಗು ಕೇಳುವುದು. ಗುರುಸಂಗಪ್ಪ ಜ್ವರ ಬಂದು ತೀರಿಕೊಂಡ ಮೇಲೆ, ಮಗಳು ರೇಣುಕವ್ವನನ್ನು ರಾಜೂರಿಗೆ ಕೊಟ್ಟ ಮೇಲೆ, ಚನ್ನವ್ವನ ಮನೆಯಲ್ಲಿ ಉಳಿದ ಸಪ್ಪಳ ಅದೊಂದೇ.

ಹೀಗಿರುವಾಗ ನರಗುಂದದ ಅರಸ ಕುಂಪಣಿಯ ಮೇಲೆ ಬಂಡೆದ್ದ ಗದ್ದಲ ಬಂತು. ಕುಂಪಣಿ ಸರಕಾರದ ಫೌಜು ಬರುತ್ತದೆಂಬ ಸುದ್ದಿ ಹಬ್ಬಿತು, ಊರಿಗೆ ಊರೇ ಗಂಟು ಕಟ್ಟಿತು. ಅಂದಾನಪ್ಪನ ಸಂಸಾರ ಹತ್ತಿರದ ಯಾವಗಲ್ ಊರಿಗೆ ಹೊರಟಿತು. ಚನ್ನವ್ವ ಎಮ್ಮೆ ಹೊಡೆದುಕೊಂಡು ಮಗಳ ಊರಿಗೆ ಹೊರಟಳು. ಬಾಗಿಲಿಗೆ ಬಂದವಳು ತಿರುಗಿ ಒಳಗೆ ಹೋಗಿ ಮಾಡದ ದೀಪಕ್ಕೆ ತುಂಬ ಎಣ್ಣೆ ಹಾಕಿ ಹಚ್ಚಿದಳು. ಗಂಡ ಕಟ್ಟಿದ ಮನೆ ಕತ್ತಲಲ್ಲಿ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ನೀವು ಹತ್ತಿರ ಇರುತ್ತೀರಿ, ಮೊದಲು ತಿರುಗಿ ಬರುವವರು ನೀವೇ, ಒಂದಿಷ್ಟು ನೋಡಿಕೊ ಎಂದು ಕೀಲಿಯನ್ನು ತಂಗಿಯ ಕೈಗೆ ಕೊಟ್ಟಳು. ಬಾಳವ್ವ ಅಕ್ಕನ ಕೊರಳಿಗೆ ಬಿದ್ದು ಅತ್ತಳು. ಆ ಅಳು ಖರೇನೇ ಇರಬೇಕು. ಆಗಿನ್ನೂ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ನಾನು ಅಷ್ಟು ಒಳ್ಳೆಯವನಲ್ಲ, ನನಗೆ ಇವತ್ತಿಗೂ ಸಂಶಯ.

ಮಳೆಗಾಲ ಪೂರ್ತಿ ಚನ್ನವ್ವ ರಾಜೂರಿನಲ್ಲಿ ಕಳೆದಳು. ಮಗಳು ಇಲ್ಲೇ ಇದ್ದುಬಿಡು ಎಂದಳು, ಅಳಿಯನೂ ಬೇಡವೆನ್ನಲಿಲ್ಲ. ಆದರೆ ಮಳೆ ಸುರಿದಾಗಲೆಲ್ಲ ಚನ್ನವ್ವನಿಗೆ ತನ್ನ ಮಾಳಿಗೆಯದೇ ಚಿಂತೆ. ಮಾಳಿಗೆಯ ಮಣ್ಣನ್ನು ವರ್ಷವರ್ಷ ತುಳಿದು ಗಟ್ಟಿ ಮಾಡದಿದ್ದರೆ ನೀರು ಇಳಿದು ಗೋಡೆ ನೆನೆಯುತ್ತದೆ, ಕಲ್ಲಿನ ನಡುವಿನ ಮಣ್ಣು ಕರಗಿ ಗೋಡೆ ಕುಸಿಯುತ್ತದೆ. ಊಟಕ್ಕೆ ಕೂತವಳು ತಲೆ ಎತ್ತಿ ಮಗಳ ಮನೆಯ ಜಂತಿ ನೋಡುವಳಂತೆ. ಜೋಳ ತೆನೆ ಬಿಡುವ ಹೊತ್ತಿಗೆ ಯಾರ ಮಾತೂ ಕೇಳದೆ ಎಮ್ಮೆ ಹೊಡೆದುಕೊಂಡು ನರಗುಂದಕ್ಕೆ ಬಂದುಬಿಟ್ಟಳು.

ಓಣಿಯಲ್ಲಿ ಅರ್ಧ ಮನೆಗಳ ಬಾಗಿಲೇ ಇರಲಿಲ್ಲ. ಕೆಲವು ಮಾಳಿಗೆ ಬಿದ್ದು ಬಯಲಾಗಿದ್ದವು. ಚನ್ನವ್ವ ಎದೆ ಹಿಡಿದುಕೊಂಡು ತನ್ನ ಮನೆಯ ಮುಂದೆ ನಿಂತಳು. ಮನೆ ನಿಂತಿತ್ತು. ಒಳಗೆ ಹೋದರೆ ನೆಲ ಸಾರಿಸಿದೆ, ನಡುಗೋಡೆಗೆ ಮೇಲಿನಿಂದ ಕೆಳಗಿನವರೆಗೆ ಹೊಸ ಮಣ್ಣು ಬಳಿದಿದೆ. ಮಾಡ ಮಾತ್ರ ಇಲ್ಲ. ಇದ್ದ ಜಾಗದಲ್ಲಿ ಗೋಡೆ ಸಪಾಟಾಗಿದೆ.

ಬಾಳವ್ವ ಹಿಂದೆಯೇ ಬಂದಳು. ಮಳೆನೀರು ಇಳಿದು ಮಾಡದ ಸುತ್ತ ಕಲ್ಲು ಸಡಿಲಾಗಿತ್ತು, ಅಲ್ಲಿಂದಲೇ ಗೋಡೆ ಬಾಯಿ ಬಿಡುವ ಹಾಗಿತ್ತು, ಅದಕ್ಕೇ ತುಂಬಿ ಮುಚ್ಚಿದೆ ಎಂದಳು. ಗೋಡೆ ಒಣಗಿ ಗಟ್ಟಿಯಾದ ಮೇಲೆ ಬಿಚ್ಚಿಸೋಣ ಎಂದಳು. ಅವ್ವನ ದೀಪ ಎಲ್ಲಿ ಎಂದು ಚನ್ನವ್ವ ಕೇಳಿದಳು. ಬಾಳವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ತಾವು ಯಾವಗಲ್ ಊರಿನಿಂದ ಬರುವುದರೊಳಗೆ ಲೂಟಿಗಾರರು ಹೊತ್ತುಹೋಗಿದ್ದರು ಎಂದಳು.

ದೀಪ ಹೋದದ್ದಕ್ಕೆ ಅಕ್ಕತಂಗಿ ಇಬ್ಬರೂ ಕೂತು ಅತ್ತರು. ಗೋಡೆ ಉಳಿದದ್ದಕ್ಕೆ ಚನ್ನವ್ವ ತಂಗಿಯ ಮುಖ ಸವರಿ ನೆಟಿಗೆ ಮುರಿದು ದೃಷ್ಟಿ ತೆಗೆದಳು. ರಾಜೂರಿನಿಂದ ತಂದ ಬೆಲ್ಲದ ಅಚ್ಚು, ಮಗಳು ಉಡಿಸಿದ್ದ ಹೊಸ ಸೀರೆ ಎರಡನ್ನೂ ಬಾಳವ್ವನ ಮಡಿಲಿಗೆ ಹಾಕಿದಳು. ಬಾಳವ್ವ ಬೇಡ ಬೇಡ ಎಂದು ಹಿಂದೆ ಸರಿದರೂ ಬಿಡಲಿಲ್ಲ. ಅಷ್ಟಕ್ಕೂ ನಿಲ್ಲಲಿಲ್ಲ ನಮ್ಮ ಪುಣ್ಯಾತ್ಗಿತ್ತಿ. ಬಾವಿಯ ಕಟ್ಟೆಯ ಮೇಲೆ ಎಲ್ಲರೆದುರು, "ನನ್ನ ತಂಗಿ ಮಾಡ ಮುಚ್ಚಿ ನನ್ನ ಮನಿ ಉಳಿಸ್ಯಾಳ," ಎಂದು ಹಾಡಿಹೊಗಳಿದಳು.

ನೀರು ಸೇದುತ್ತಿದ್ದ ನೆರೆಮನೆಯ ಕರಿಯವ್ವ ಕೈ ನಿಲ್ಲಿಸಿದಳು. "ಮಾಡ ಮುಚ್ಚಿದ್ರ ಏನ ಅರ್ಥ ಆಕ್ಕೈತಿ ಗೊತ್ತೈತಿಲ್ಲೊ ಚನ್ನವ್ವಕ್ಕ? ಲಗೂನ ಬಿಚ್ಚಿಸಿಬಿಡು," ಎಂದಳು. ಚನ್ನವ್ವನಿಗೆ ಉರಿದುಹೋಯಿತು. ನಮ್ಮ ಅಕ್ಕತಂಗಿಯರ ನಡುವೆ ಹುಳಿ ಹಿಂಡಬೇಡ ಎಂದು ಕೊಡ ಎತ್ತಿಕೊಂಡು ಬಂದುಬಿಟ್ಟಳು. ರೂಢಿ ಆಕೆಗೆ ಗೊತ್ತಿರಲಿಲ್ಲವೆಂದಲ್ಲ, ಚೆನ್ನಾಗಿ ಗೊತ್ತಿತ್ತು. ಆದರೆ ರೂಢಿ ಇರುವುದು ಪರರಿಗೆ, ತಂಗಿಗೆ ಯಾತರ ರೂಢಿ ಎಂದುಕೊಂಡಳು. ನನಗೆ ಸಿಟ್ಟು ಬರುವುದು ಇಲ್ಲೇ. ಆ ದಿನವೇ ನಬೀಸಾಬನನ್ನು ಕರೆಸಿ ಮಾಡ ಬಿಚ್ಚಿಸಿದ್ದರೆ ಮುಂದಿನದು ಒಂದೂ ಆಗುತ್ತಿರಲಿಲ್ಲ. ಅದರ ಬದಲು ಸಂತೆಗೆ ಹೋದಾಗಲೆಲ್ಲ ಹಿತ್ತಾಳೆ ಪಾತ್ರೆ ಮಾರುವ ಬೋಗಾರರ ಅಂಗಡಿಯಲ್ಲಿ ಹಳೆಯ ಪಾತ್ರೆಗಳ ರಾಶಿ ಕೆದಕಿ, ಸೊಟ್ಟ ಅಂಚಿನ ದೀಪ ಬಂದಿದೆಯೇ ಎಂದು ಕೇಳುತ್ತ ತಿರುಗಿದಳು. ಕರಿಯವ್ವನೂ ಒಂದೆರಡು ಸಲ ಜೊತೆಗೆ ಹೋಗಿದ್ದಳು.

ಸುಗ್ಗಿ ಮುಗಿದು ಹತ್ತಿ ಬಿಡಿಸುವ ಕಾಲ ಬಂತು. ಒಂದು ದಿನ ಮುಂಜಾನೆ ಅಂದಾನಪ್ಪ ಅತ್ತಿಗೆಯ ಪಡಸಾಲೆಗೆ ಬಂದು ಕಂಬಕ್ಕೆ ಒರಗಿ ನಿಂತ. ಅಂದಾನಪ್ಪ ತನ್ನ ಮನೆಯ ಮೇಲೆ ಇನ್ನೊಂದು ಮಾಳಿಗೆ ಏರಿಸಿ ಕೊಟ್ಟರೆ ಹತ್ತಿ ವ್ಯಾಪಾರದ ಸಾಹುಕಾರನೊಬ್ಬ ಹತ್ತಿ ತುಂಬಲು ಅದನ್ನು ಬಾಡಿಗೆಗೆ ಹಿಡಿಯುತ್ತಾನಂತೆ. ಮರದ ಕಂಬ ಅಷ್ಟು ಭಾರ ತಡೆಯುವುದಿಲ್ಲ, ಕಲ್ಲಿನ ಗೋಡೆಯೇ ಬೇಕು. ಇಷ್ಟು ಹೇಳಿ ನಡುಗೋಡೆಯ ಕಡೆ ಕೈ ಮಾಡಿದ. "ಅತ್ತಿಗಿ, ಗ್ವಾಡಿ ಮ್ಯಾಲಿನ ನಿಮ್ಮ ತೊಲಿ ತಗಿಸಿಕೋರಿ. ನಾ ಮ್ಯಾಲೆ ಏರಿಸಾಂವ ಅದೀನಿ."

ಚನ್ನವ್ವ ಚೇಷ್ಟೆ ಎಂದುಕೊಂಡಳು. ನನ್ನ ಗೋಡೆಯ ಮೇಲಿನ ನನ್ನ ತೊಲೆ ತೆಗೆಸಿ ನಾನು ಆಕಾಶದ ಕೆಳಗೆ ಮಲಗಲೇ ಎಂದು ನಕ್ಕಳು. ಗೋಡೆ ನಿಮ್ಮದೆಲ್ಲಿ ಇದೆ, ಮಾಡ ಮುಚ್ಚಿ ಬಿಟ್ಟುಕೊಟ್ಟಿದ್ದೀರಲ್ಲ, ಬಾವಿಕಟ್ಟೆಯ ಮೇಲೆ ಊರಿಗೆಲ್ಲ ಸಾರಿದ್ದೀರಲ್ಲ ಎಂದು ಅವನೂ ನಕ್ಕ. ಆಗ ಆಕೆಯ ನಗು ನಿಂತಿತು. ನೆಟ್ಟಗೆ ತಂಗಿಯ ಮನೆಗೆ ಹೋಗಿ, ನಿನ್ನ ಗಂಡ ಏನೋ ಒದರುತ್ತಾನೆ, ಅವನಿಗೆ ಬುದ್ಧಿ ಹೇಳು ಎಂದಳು. ಬಾಳವ್ವ ಮೊರದಲ್ಲಿ ಜೋಳ ಕೇರುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಚನ್ನವ್ವ ನಿಂತೇ ಇದ್ದಳು, ಬಾಳವ್ವ ಕೇರುತ್ತಲೇ ಇದ್ದಳು.

ಗಂಡುಮಕ್ಕಳಿಲ್ಲದ ವಿಧವೆ ಚನ್ನವ್ವ. ಆಕೆ ಕಣ್ಣು ಮುಚ್ಚಿದ ಮೇಲೆ ಆ ಮನೆ ಹೇಗೂ ಮೈದುನನ ಕೈಗೇ ಬರುತ್ತಿತ್ತು. ಅಷ್ಟು ದಿನ ತಡೆದುಕೊಳ್ಳುವ ತಾಳ್ಮೆ ಆ ಮನುಷ್ಯನಿಗೆ ಇರಲಿಲ್ಲ. ತೊಲೆ ತೆಗೆಸಿದರೆ ಅತ್ತಿಗೆ ತಾನಾಗಿ ಮಗಳ ಊರಿಗೆ ಹೋಗುತ್ತಾಳೆ, ಇಡೀ ಮನೆ ಒಂದಾಗುತ್ತದೆ ಎಂಬುದು ಅವನ ಎಣಿಕೆ. ಅವನ ಮಾತು ಬಿಡಿ, ಅವನು ಕಲ್ಲು ಹೊರದಿದ್ದ ದಿನವೇ ಅವನ ಯೋಗ್ಯತೆ ತಿಳಿದಿತ್ತು.

ಪಂಚರು ಸೇರಿದ್ದು ಚನ್ನವ್ವನ ಪಡಸಾಲೆಯಲ್ಲಿಯೇ. ಹಿರಿಯರಾದ ಪ್ರಭುಲಿಂಗಪ್ಪನವರು ನಡುವೆ ಕೂತರು. ಗೋಡೆ ಕಟ್ಟಿದ ಗೌಂಡಿ ನಬೀಸಾಬನನ್ನೂ ಕರೆಸಿದರು. ಗೋಡೆ ನಿಂತಿರುವುದು ಗುರುಸಂಗಪ್ಪನ ಜಾಗದಲ್ಲಿ, ಕಟ್ಟಿದ್ದು ಗುರುಸಂಗಪ್ಪನ ದುಡಿಮೆಯಲ್ಲಿ ಎಂದು ನಬೀಸಾಬ ಹೇಳಿದ. ಅಂದಾನಪ್ಪ ಅಲ್ಲಗಳೆಯಲಿಲ್ಲ. ಕಟ್ಟಿದ್ದು ಅಣ್ಣನೇ, ಆದರೆ ಅತ್ತಿಗೆ ಬಿಟ್ಟುಕೊಟ್ಟಿದ್ದಾರೆ, ಬೇಕಾದರೆ ಬಂದು ನೋಡಿ ಎಂದು ಎಲ್ಲರನ್ನೂ ತನ್ನ ಮನೆಗೆ ಕರೆದೊಯ್ದ. ಗೋಡೆಗೆ ಒತ್ತಿ ನಿಲ್ಲಿಸಿದ್ದ ಕಾಳಿನ ವಾಡೆಗಳನ್ನು ಪಕ್ಕಕ್ಕೆ ಸರಿಸಿದ. ಆಳೆತ್ತರದ ಮಣ್ಣಿನ ವಾಡೆಗಳ ಹಿಂದೆ ಹೊಸದಾಗಿ ತೆಗೆದ ಮಾಡಗಳು ಬಾಯಿ ತೆರೆದುಕೊಂಡಿದ್ದವು. ಚನ್ನವ್ವ ದಿನಾ ಬಂದು ಕೂತು ಹೋಗುತ್ತಿದ್ದ ಮನೆ ಅದು. ಆ ವಾಡೆಗೆ ಬೆನ್ನು ಕೊಟ್ಟೇ ತಂಗಿಯ ಜೊತೆ ಹರಟುತ್ತಿದ್ದಳು.

ತಿರುಗಿ ಬಂದು ಕೂತ ಮೇಲೆ ಕರಿಯವ್ವನನ್ನು ಕೇಳಿದರು. ಆಕೆ ಸುಳ್ಳು ಹೇಳುವವಳಲ್ಲ. ಬಾವಿಕಟ್ಟೆಯ ಮೇಲೆ ಚನ್ನವ್ವ ಹಾಗೆ ಹೇಳಿದ್ದು ಹೌದು ಎಂದಳು, ಹೇಳಿ ಅತ್ತಳು. ಚನ್ನವ್ವ, ನಾನು ಮುಚ್ಚಲು ಹೇಳಿಲ್ಲ, ಗೋಡೆ ಬೀಳುತ್ತದೆಂದು ತಂಗಿಯೇ ಮುಚ್ಚಿದಳು ಎಂದಳು. ಈಗ ಎಲ್ಲವೂ ಬಾಳವ್ವನ ನಾಲಗೆಯ ಮೇಲೆ ನಿಂತಿತು.

ಪ್ರಭುಲಿಂಗಪ್ಪನವರು ಆಕೆಯ ಕಡೆ ತಿರುಗಿ ಮೆತ್ತಗೆ ಕೇಳಿದರು. "ಬಾಳವ್ವ, ಮಾಡ ನೀನಾಗಿ ಮುಚ್ಚಿದ್ಯೊ, ಅಕ್ಕ ಹೇಳಿದ್ಲೊ?"

ಬಾಳವ್ವ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಮೈಮೇಲೆ ಅಕ್ಕ ಕೊಟ್ಟ ಸೀರೆಯೇ ಇತ್ತು. ಗಂಡನ ಮುಖ ನೋಡಿದಳು, ನೆಲ ನೋಡಿದಳು.

"ಅಕ್ಕನ ಹೇಳಿ ಹೋಗಿದ್ಲ್ರಿ," ಎಂದಳು. "ಗ್ವಾಡಿ ನಿಮಗ ಇರ್ಲಿ, ಮಾಡ ಮುಚ್ಚಿಬಿಡ್ರಿ ಅಂತ."

ಚನ್ನವ್ವ ಕೂಗಾಡುತ್ತಾಳೆ ಎಂದು ಎಲ್ಲರೂ ಅಂದುಕೊಂಡರು. ಬಾಯಿಯಲ್ಲಿ ಆ ಓಣಿಯಲ್ಲೇ ಅವಳನ್ನು ಮೀರಿಸಿದವರಿರಲಿಲ್ಲ. ಆದರೆ ಆಕೆ ತಂಗಿಯ ಮುಖವನ್ನೇ ನೋಡುತ್ತ ಕೂತಳು. ಆ ಮುಖ ತೊಳೆದು, ತಲೆ ಬಾಚಿ, ಹಸಿವಾದಾಗ ತನ್ನ ಪಾಲಿನ ರೊಟ್ಟಿ ಮುರಿದು ಕೊಟ್ಟು ಬೆಳೆಸಿದವಳು ತಾನು. ಗೋಡೆ ಹೋಯಿತು ಎಂಬುದು ಆಗ ಆಕೆಯ ಲಕ್ಷ್ಯದಲ್ಲೇ ಇರಲಿಲ್ಲವಂತೆ. ತಂಗಿ ಇಷ್ಟು ಸಲೀಸಾಗಿ ಹೇಳಿಬಿಟ್ಟಳಲ್ಲ, ನಾಲಗೆ ಒಂದು ಸಲವೂ ತಡವರಿಸಲಿಲ್ಲವಲ್ಲ ಎಂದೇ ಮೈಯೆಲ್ಲ ಉರಿಯುತ್ತಿತ್ತು ಎಂದು ಮುದುಕಿಯಾದ ಮೇಲೂ ಮಗಳ ಮುಂದೆ ಹೇಳಿಕೊಳ್ಳುತ್ತಿದ್ದಳು.

ಪ್ರಭುಲಿಂಗಪ್ಪನವರು ಚನ್ನವ್ವನ ಕಡೆ ತಿರುಗಿದರು. ಮುಚ್ಚಿದವಳ ಮಾತು ಹೀಗಿದೆ, ನಿನ್ನ ಬಾಯಿಂದ ಬಂದದ್ದೂ ಹಾಗೆಯೇ ಇದೆ, ನಾವೇನು ಮಾಡೋಣ ಎಂದರು. ಚನ್ನವ್ವ ಎದ್ದು ನಿಂತಳು. ಗೋಡೆ ಯಾರಿಗೆ ಬೇಕಾದರೂ ಕೊಡಿ, ಆದರೆ ಆ ಮಾಡದ ಒಳಗೆ ನನ್ನ ಗಂಡ ಅಂಗೈಯಿಂದ ಸವರಿದ ಮಣ್ಣಿದೆ, ಒಂದು ಸಲ ಬಿಚ್ಚಿ ತೋರಿಸಿ, ಮುಟ್ಟಿ ನೋಡಿ ಮನೆ ಬಿಡುತ್ತೇನೆ ಎಂದಳು. ಅಂದಾನಪ್ಪ ಬೇಡ ಎಂದು ಎದ್ದ. ಹಿರಿಯರು ಅವನನ್ನು ಕೂರಿಸಿ ನಬೀಸಾಬನಿಗೆ ಸನ್ನೆ ಮಾಡಿದರು.

ನಬೀಸಾಬ ಹಾರೆಯ ಮೊನೆಯಿಂದ ಮಣ್ಣು ಕೆದರಿ ಕಲ್ಲುಗಳನ್ನು ಒಂದೊಂದೇ ಎಳೆದ. ಮುಂದಿನ ಅರ್ಧ ಮಾತ್ರ ಕಲ್ಲು ತುಂಬಿದ್ದರು, ಹಿಂದೆ ಟೊಳ್ಳು ಹಾಗೇ ಇತ್ತು. ಅವನು ಸರಿದು ನಿಂತ ಮೇಲೆ ಚನ್ನವ್ವ ಗಂಡನ ಅಂಗೈಯ ಗುರುತು ಹುಡುಕಲು ತೋಳು ಒಳಗೆ ಹಾಕಿದಳು. ಕೈಗೆ ತಣ್ಣಗೆ ಏನೋ ತಾಗಿತು. ಹೊರಗೆ ತೆಗೆದಳು. ಹಿತ್ತಾಳೆ ದೀಪ, ಎಣ್ಣೆ ಆರಿ ಬತ್ತಿ ಕಪ್ಪಾಗಿ ಅಂಟಿಕೊಂಡಿತ್ತು. ಒಂದು ಅಂಚು ಸೊಟ್ಟಗಿತ್ತು.

ಮೊದಲು ಬಾಯಿ ಬಿಟ್ಟವಳು ಕರಿಯವ್ವ. ಈ ದೀಪಕ್ಕಾಗಿ ಚನ್ನವ್ವಕ್ಕ ಬೋಗಾರರ ಅಂಗಡಿಯೆಲ್ಲ ಜಾಲಾಡಿದ್ದಾಳೆ, ನಾನೇ ಜೊತೆಗೆ ತಿರುಗಿದ್ದೇನೆ ಎಂದಳು. ಲೂಟಿಗಾರರು ಒಯ್ದರೆಂದು ಬಾಳವ್ವ ಹೇಳಿದ್ದು ಓಣಿಗೆಲ್ಲ ಗೊತ್ತಿತ್ತು. ತಾನಾಗಿ ಹೇಳಿ ಮಾಡ ಮುಚ್ಚಿಸುವ ಹೆಂಗಸು ತಾಯಿಯ ದೀಪವನ್ನು ಒಳಗಿಟ್ಟು ಮುಚ್ಚಿಸುತ್ತಾಳೆಯೇ ಎಂದು ಪ್ರಭುಲಿಂಗಪ್ಪನವರು ಅಂದಾನಪ್ಪನನ್ನು ಕೇಳಿದರು. ಗೋಡೆ ಚನ್ನವ್ವನದು, ತೊಲೆ ಇದ್ದಲ್ಲೇ ಇರಬೇಕು, ಅಂದಾನಪ್ಪನ ಕಡೆ ತೆಗೆದ ಮಾಡಗಳನ್ನು ಮರುದಿನವೇ ಮುಚ್ಚಬೇಕು ಎಂದು ಪಂಚರು ಹೇಳಿದರು.

ಜನ ಏಳತೊಡಗಿದರು. ಬಾಳವ್ವ ಮಾತ್ರ ಬಾಗಿಲು ಬಿಟ್ಟು ಅಲುಗಲಿಲ್ಲ. ಚನ್ನವ್ವ ದೀಪ ಹಿಡಿದುಕೊಂಡು ಆಕೆಯ ಮುಂದೆ ಬಂದು ನಿಂತಳು. ಒಳಗೆ ಯಾಕೆ ಬಿಟ್ಟೆ ಎಂದು ಕೇಳಿದಳು.

"ತಗೊಂಡಿದ್ರ ಕಳವು ಆಗತಿತ್ತಲ್ಲ ಅಕ್ಕಾ," ಎಂದಳು ಬಾಳವ್ವ. "ಅದಕ್ಕ ಮುಟ್ಟಲಿಲ್ಲ."

"ದೀಪ ಮುಟ್ಟಾಕ ಅಂಜಿದಿ. ನನ್ನ ತಲಿ ಮ್ಯಾಲಿನ ಮಾಳಗಿ ತಗಿಸಾಕ ಅಂಜಲಿಲ್ಲ ನೀ."

ಬಾಳವ್ವ ಅಕ್ಕನ ಕಾಲ ಮೇಲೆ ಕುಸಿದಳು. ಗಂಡ ಹೆದರಿಸಿದ, ಹೊಡೆದ, ಅಕ್ಕ ಮಗಳ ಹತ್ತಿರ ಸುಖವಾಗಿರುತ್ತಾಳೆಂದು ನಂಬಿಸಿದ ಎಂದು ಏನೇನೋ ಹೇಳಿ ಅತ್ತಳು. ಇರಬಹುದು, ಎಲ್ಲ ಖರೇನೇ ಇರಬಹುದು. ಅವಳ ಅಳು ಮುಗಿದ ಮೇಲೆ ಚನ್ನವ್ವ ದೀಪವನ್ನು ಹೊಸ್ತಿಲ ಆಚೆ, ತಂಗಿಯ ಪಕ್ಕದಲ್ಲಿ ಇಟ್ಟಳು.

"ಇದು ಅವ್ವಂದು. ಇದರಾಗ ನಿನಗೂ ಪಾಲೈತಿ, ತಗೊಂಡ್ಹೋಗು. ಗ್ವಾಡಿ ನನ್ನ ಗಂಡಂದು, ಅದು ಇಲ್ಲೇ ಇರತೈತಿ. ಇವತ್ತಿಗೆ ನಿಂದೂ ನಂದೂ ವಾಟಣಿ ಮುಗೀತು."

ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.

ಮರುದಿನ ಆಚೆ ಮನೆಯಲ್ಲಿ ಮಾಡ ಮುಚ್ಚುವ ಕೆಲಸ ನಡೆಯಿತು. ಆ ಕೆಲಸ ಯಾರ ಪಾಲಿಗೆ ಬಂದಿರುತ್ತದೆಂದು ಹೇಳಬೇಕಾಗಿಲ್ಲ. ಚನ್ನವ್ವ ಒಲೆಯ ಮುಂದೆ ಕೂತಿದ್ದಳು. ಎದುರಿಗೆ ಗಂಡನ ಮಾಡ ಒಡೆದ ಅಂಚಿನೊಡನೆ ಬಾಯಿ ತೆರೆದುಕೊಂಡಿತ್ತು, ಒಳಗೆ ಸಂತೆಯಿಂದ ತಂದ ಮಣ್ಣಿನ ಹಣತೆ ಇತ್ತು. ಗೋಡೆಯ ಆಚೆಯಿಂದ ಹಸಿಮಣ್ಣಿನ ಮೇಲೆ ಅಂಗೈ ಬಡಿಯುವ ಸಪ್ಪಳ ಶುರುವಾಯಿತು. ಮಣ್ಣು ತೆಳ್ಳಗಾಗಿತ್ತು, ಸಪ್ಪಳದಲ್ಲೇ ತಿಳಿಯುತ್ತಿತ್ತು. ಹೀಗೆ ಬಳಿದರೆ ನಾಳೆಯೇ ಬಿರುಕು ಬಿಡುತ್ತದೆ.

"ಬಾಳೀ," ಎಂದು ಕೂಗಿಬಿಟ್ಟಳು ಚನ್ನವ್ವ.

ಆಚೆ ಕೈ ನಿಂತಿತು. ಚನ್ನವ್ವ ಬಾಯಿಗೆ ಸೆರಗು ಒತ್ತಿಕೊಂಡು, ನೀರು ಹೆಚ್ಚಾತು ಎಂಬ ಮಾತನ್ನು ನುಂಗಿಕೊಂಡಳು. ಆಚೆ ಬಾಳವ್ವ ಬಹಳ ಹೊತ್ತು ಕಾದಳು. ಆಮೇಲೆ ಮತ್ತೆ ಅಂಗೈ ಬಡಿಯುವ ಸಪ್ಪಳ ಕೇಳಿಸಿತು. ಚನ್ನವ್ವ ಎದ್ದು ಎಮ್ಮೆಗೆ ನೀರಿಡಲು ಹಿತ್ತಲಿಗೆ ಹೋದಳು.